ದಡದಲ್ಲಿ ಸುಟ್ಟ ಮೀನು

ಪಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಈಸ್ಟರ್ ಅದು, ಯೇಸು ಸಾವಿನಿಂದ ಎದ್ದು ಬಂದ ಹಬ್ಬ. ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರ ಹೇಗೋ ಕಳೆಯಿತು. ಅಂದು ಅಳುವುದಕ್ಕೆ ಜಾಗ ಇರುತ್ತದೆ, ಅಲ್ವಾ? ಯೇಸುವಿನ ಕೊನೆಯ ನಡಿಗೆ ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳಲ್ಲೂ ಅಮ್ಮ ಮೊಣಕಾಲೂರಿದಳು. ಅವಳಿಗೆ ಭಯವಿದ್ದದ್ದು ಶನಿವಾರ ರಾತ್ರಿಯ ಈಸ್ಟರ್ ಪೂಜೆಯದು, ಅಂದು ಸಂತೋಷದ ಹಾಡು ಹಾಡಬೇಕು. "ಅಲ್ಲೆಲೂಯ ಅಂತ ಯಾವ ಬಾಯಲ್ಲಿ ಹಾಡಲಿ?" ಎಂದಳು.

ಮಾರ್ಚ್ 21ರಿಂದ ಈಚೆಗೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಪಪ್ಪ ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಹುಣ್ಣಿಮೆಯ ಉಬ್ಬರ ನೋಡಿ, ಹಬ್ಬ ಹತ್ತಿರ ಬಂತು ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಕಾರವಾರದ ದಡದಲ್ಲಿ ರಾಂಪಣಿ ಎಂಬ ದೊಡ್ಡ ಬಲೆ ಎಳೆದವರು. ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುಗಟ್ಟುವ ಪರ್ಸೀನ್ ಬೋಟುಗಳು ಬಂದು ರಾಂಪಣಿ ಕಡಿಮೆಯಾದ ಮೇಲೆ ಬೈತಖೋಲ ಬಂದರಿನ ಬೋಟಿಗೆ ಹೋದರು. ಹಗ್ಗ ಎಳೆದೆಳೆದು ಅಂಗೈ ದಡ್ಡುಗಟ್ಟಿತ್ತು.

ಶನಿವಾರ ಬೆಳಿಗ್ಗೆ ಮೀನು ಪೇಟೆಗೆ ಹೋದೆ. ಯಾವಾಗಲೂ ನಮಗೆ ಬಂಗಡೆ ಕೊಡುವ ಮೀನುಗಾರ ಹರಿಕಂತ್ರರ ಅಕ್ಕ ಪಪ್ಪನನ್ನು ಬಲ್ಲವರು. "ತಂಗಿ, ನಿಮ್ಮಲ್ಲಿ ಸತ್ತವರು ಎದ್ದು ಬರ್ತಾರೆ ಅಂತಾರಲ್ಲ. ನಿನ್ನ ಪಪ್ಪನೂ ಬರ್ತಾರಾ?" ಎಂದು ಕೇಳಿದರು. ಕುಹಕ ಇರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು. "ಹೌದಕ್ಕಾ, ಹಾಗೇ ನಂಬ್ತೇವೆ" ಎಂದೆ. ಮುಂದೆ ಮಾತು ಬರಲಿಲ್ಲ.

ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿದ್ದರು. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಫಾದರ್ ಈಸ್ಟರಿನ ದೊಡ್ಡ ಪಾಸ್ಖ ಮೇಣದಬತ್ತಿ ಎತ್ತಿಕೊಂಡರು. ಅದರ ಮೇಲೆ ಶಿಲುಬೆ ಗುರುತು, ಆದಿ, ಅಂತ್ಯ ಸೂಚಿಸುವ ಗ್ರೀಕ್ ಅಕ್ಷರಗಳಾದ ಆಲ್ಫಾ, ಒಮೇಗಾ, ಆ ವರ್ಷದ ಅಂಕಿಗಳು. ಆಮೇಲೆ ಐದು ಧೂಪದ ಹರಳುಗಳನ್ನು ಒಂದೊಂದಾಗಿ ಚುಚ್ಚಿದರು. ಅವು ಯೇಸುವಿನ ಐದು ಗಾಯಗಳು. ಚಿಕ್ಕಂದಿನಿಂದ ನೋಡಿದ್ದೇ. ಆದರೆ ಆ ರಾತ್ರಿ ಅದು ಎದೆಗೆ ತಾಗಿತು. ನಮ್ಮ ಅತಿ ದೊಡ್ಡ ಸಂತೋಷದ ದೀಪದಲ್ಲೂ ಗಾಯಗಳನ್ನು ಮುಚ್ಚಿಟ್ಟಿಲ್ಲ! ಎದ್ದು ಬಂದ ಯೇಸು ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದೂ ಮೊಳೆಯ ಗುರುತಿದ್ದ ಕೈಗಳನ್ನೇ.

ಬತ್ತಿಯಿಂದ ಬತ್ತಿಗೆ ಬೆಳಕು ಬಂತು. ಸೃಷ್ಟಿಯ ಕಥೆ, ಕೆಂಪು ಸಮುದ್ರ ದಾಟಿದ ಕಥೆ ಓದಿದರು. ಗ್ಲೋರಿಯಾ ಎಂಬ ಸ್ತುತಿಗೀತೆ ಶುರುವಾದಾಗ ಗುರುವಾರದಿಂದ ಸುಮ್ಮನಿದ್ದ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ಅಮ್ಮ ಅಳುತ್ತಲೇ ಹಾಡಿದಳು. ಅಳು ನಿಲ್ಲಿಸಿ ಆಮೇಲೆ ನಂಬು ಎಂದು ಈಸ್ಟರ್ ಹೇಳುವುದಿಲ್ಲ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳೂ ಅವರ ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದಳಲ್ಲ.

ಸತ್ತ ಮೇಲೆ ಆತ್ಮ ಎಲ್ಲೋ ಹಾಯಾಗಿರುತ್ತದೆ ಎಂಬುದಷ್ಟೇ ನಮ್ಮ ನಂಬಿಕೆಯಲ್ಲ. 'ಶರೀರದ ಪುನರುತ್ಥಾನ' ಎಂದು ನಮ್ಮ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಎಂದು ಪ್ರೇಷಿತ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಖಡಾಖಂಡಿತವಾಗಿ ಬರೆದ. ನನಗೆ ಬೇಕಾದದ್ದೂ ಅದೇ. ಹೊಳೆಯುವ ಯಾವುದೋ ನೆರಳು ಬೇಡ. ಪಪ್ಪನ ಆ ಕೈಗಳೇ ಬೇಕು.

ಭಾನುವಾರ ಮಧ್ಯಾಹ್ನ ಮೀನು ಪೇಟೆಯ ಆ ಅಕ್ಕನ ಮನೆಗೆ ಸಾನ್ನಾ (ಇಡ್ಲಿಯಂಥ ತಿಂಡಿ), ಕೋಳಿ ಸಾರು ತಗೊಂಡು ಹೋದೆ. ಆಗ ಬೈಬಲ್ಲಿನ ಯೊವಾನ್ನರ ಶುಭಸಂದೇಶದ ಕೊನೆಯ ಕಥೆ ಹೇಳಿದೆ. ಯೇಸುವಿನ ಶಿಷ್ಯ ಪೇತ್ರ ಮತ್ತು ಜೊತೆಯವರು ರಾತ್ರಿಯಿಡೀ ಬಲೆ ಬಿಟ್ಟರೂ ಒಂದು ಮೀನೂ ಸಿಗಲಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತು, ದೋಣಿಯ ಬಲಗಡೆ ಬಲೆ ಹಾಕಿ ಅಂದರು. ದಡಕ್ಕೆ ಬಂದು ನೋಡಿದರೆ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಸಾವನ್ನು ಗೆದ್ದು ಬಂದ ಯೇಸು, ದಣಿದವರಿಗೆ ತಿಂಡಿ ಮಾಡಿಟ್ಟು ಕಾಯುತ್ತಿದ್ದರು.

"ಎಷ್ಟು ಮೀನು ಬಿತ್ತು?" ಅಕ್ಕ ಕೇಳಿದರು.

"153. ದೊಡ್ಡ ದೊಡ್ಡವು."

"ಬಲೆ ಹರೀಲಿಲ್ವಾ?"

"ಹರೀಲಿಲ್ಲ ಅಂತಲೇ ಬರೆದಿದೆ."

ಅಕ್ಕ ಒಳಗೆ ಮಲಗಿದ್ದ ಗಂಡನನ್ನು ಕೂಗಿ ಎಬ್ಬಿಸಿದರು. "ತಂಗಿ, ಇವರಿಗೂ ಒಮ್ಮೆ ಹೇಳು, ಮೊದಲಿನಿಂದ" ಎಂದರು. ಪೇತ್ರ ಬಲೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದೆ.