ಮುಂದೆ ಮೂರು, ಹಿಂದೆ ಎಂಟು: ಎರಡು ಜೀಪು ಸೇರಿಸಿ ಒಂದು ಮಾಡುವ ಕೆಲಸ

ಮಾರ್ಚ್ ಮೊದಲ ವಾರ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಮನೆ. ಮನೆಯಿಂದ ತೋಟಕ್ಕೆ ಇಳಿಯುವ ದಾರಿ ಅರ್ಧ ಕಿಲೋಮೀಟರ್ ಇರಬಹುದು, ಅಷ್ಟೇ. ಅಷ್ಟರಲ್ಲೇ ಎರಡು ಹಳ್ಳ, ಒಂದು ಜಂಬಿಟ್ಟಿಗೆ ಕಲ್ಲಿನ ಏರು. ಮಳೆಗಾಲದಲ್ಲಿ ಔಷಧಿ ಹೊಡೆಯುವ ಡ್ರಮ್ಮು, ಪಂಪು, ಮೈಲುತುತ್ತ, ಸುಣ್ಣ ಎಲ್ಲ ಕೆಳಗೆ ಹೋಗಬೇಕು. ಕೊಯ್ಲಿನಲ್ಲಿ ಅಡಿಕೆ ಕೊನೆ ಮೇಲೆ ಬರಬೇಕು. ಹೋದ ವರ್ಷ ಬಾಡಿಗೆ ಟ್ರ್ಯಾಕ್ಟರ್ ಎರಡನೇ ಹಳ್ಳದಲ್ಲಿ ಹೂತು ಮೂರು ದಿನ ಅಲ್ಲೇ ಇತ್ತು. ಅವತ್ತೇ ಈ ಹುಚ್ಚು ಹಿಡಿದಿದ್ದು.

ಕೊಟ್ಟಿಗೆ ಪಕ್ಕ ಅಪ್ಪಯ್ಯನ ಮಹೀಂದ್ರ ಎಂಎಂ 540 ನಿಂತು ಏಳು ವರ್ಷ ಆಗಿದೆ. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಬ್ಯಾಟರಿ ಬೇರೆ ಹಾಕಿ, ಡೀಸೆಲ್ ಲೈನಿನ ಗಾಳಿ ತೆಗೆದರೆ ಈಗಲೂ ಗುಡುಗುಡು ಅನ್ನುತ್ತದೆ. ಬಾಡಿ ಮಾತ್ರ ಲೆಕ್ಕಕ್ಕಿಲ್ಲ. ಕ್ಲಚ್ ಒತ್ತಲು ಹೋದರೆ ಕಾಲು ನೆಲಕ್ಕೆ ತಾಗುತ್ತದೆ. ಹಿಂದಿನ ಸೀಟಿನ ಕೆಳಗೆ ಜರಿಗಿಡ ಹುಟ್ಟಿಕೊಂಡಿತ್ತು, ಸುಳ್ಳಲ್ಲ.

ಹರಿಯಾಣದ ದಬ್ವಾಲಿ ಕಡೆ ಹೊಸ ಬಾಡಿ ಮಾಡಿಕೊಡುತ್ತಾರೆ ಅಂತ ಗೊತ್ತಿತ್ತು. ಆದರೆ ಅಲ್ಲಿಂದ ಲಾರಿಯಲ್ಲಿ ತರಿಸುವ ಖರ್ಚು ಕೇಳಿ ಸುಮ್ಮನಾದೆ. ಆಮೇಲೆ ಭದ್ರಾವತಿಯ ಒಂದು ಗುಜರಿಯಲ್ಲಿ ಹಳೆ ಸಿಜೆ 3ಬಿ ಜೀಪು ಸಿಕ್ಕಿತು. ಎಂಜಿನ್ ಇಲ್ಲ, ಗೇರ್ ಬಾಕ್ಸ್ ಇಲ್ಲ, ಚಾಸಿ ಮಧ್ಯದಲ್ಲೇ ಮುರಿದಿದೆ. ಬಾಡಿ ತಗಡು ಮಾತ್ರ ಇನ್ನೂ ದಪ್ಪಕ್ಕಿದೆ. ಮುಂದಿನ ಆಕ್ಸಲ್ ಕೂಡ ಇತ್ತು. ತೂಕದ ಲೆಕ್ಕದಲ್ಲಿ ತಂದೆ. ಇದರ ಬಾಡಿಯನ್ನು ಅಪ್ಪಯ್ಯನ ಜೀಪಿನ ಚಾಸಿ ಮೇಲೆ ಕೂರಿಸುವುದು ಅಂತ ಯೋಚನೆ.

ಮಾರ್ಚ್ ಮೂರನೇ ವಾರ

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಆರ್‌ಸಿ ಇರುವುದು ಎಂಎಂ 540ರ ಚಾಸಿಗೆ. ಆ ನಂಬರ್ ಇರುವ ಜಾಗವನ್ನು ಕತ್ತರಿಸುವುದಿಲ್ಲ, ಅದರ ಮೇಲೆ ವೆಲ್ಡಿಂಗ್ ಮಾಡುವುದಿಲ್ಲ, ಗ್ರೈಂಡರ್ ಅಂತೂ ಹತ್ತಿರವೂ ತರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಾಗಾಗಿ ಈ ಗಾಡಿ ನಮ್ಮ ತೋಟದ ಗೇಟ್ ದಾಟುವುದಿಲ್ಲ. 'ಕೊಡಚಾದ್ರಿಗೆ ಯಾವಾಗ ಮಾರಾಯ?' ಅಂತ ಕೇಳುವವರಿಗೆಲ್ಲ ಇದೇ ಉತ್ತರ. ಅಲ್ಲಿಗೆ ಹೋಗಲು ಕಟ್ಟಿನಹೊಳೆಯಿಂದ ಬಾಡಿಗೆ ಜೀಪು ಇವೆಯಲ್ಲ.

ಬಾಡಿ ಬಿಚ್ಚುವುದಕ್ಕೆ ಎರಡು ದಿನ ಸಾಕು ಅಂದುಕೊಂಡಿದ್ದೆ. ಐದು ದಿನ ಹಿಡಿಯಿತು. ಬೋಲ್ಟು ತಿರುಗುತ್ತಿರಲಿಲ್ಲ, ತಿರುಗಿದರೆ ತುಂಡಾಗುತ್ತಿತ್ತು. ಕೊನೆಗೆ ಭಾವ, ಪಕ್ಕದ ಮನೆಯವರು ಎಲ್ಲ ಸೇರಿ ಆರು ಜನ ಎರಡು ಬಿದಿರ ಗಳ ತೂರಿಸಿ ದೇವರ ಪಲ್ಲಕ್ಕಿ ಎತ್ತಿದ ಹಾಗೆ ಎತ್ತಿದೆವು. ನಾಲ್ಕು ಹೆಜ್ಜೆ ಇಟ್ಟಿರಬಹುದು. ಡ್ಯಾಶ್ ಬೋರ್ಡ್ ಒಳಗಿಂದ ಕಡಜ ಎದ್ದವು. ಪಲ್ಲಕ್ಕಿ ಅಲ್ಲೇ ಕೂತಿತು, ಹೊತ್ತವರು ಆರು ದಿಕ್ಕಿಗೆ ಓಡಿದರು. ಭಾವನ ಕಿವಿ ಎರಡು ದಿನ ಕಡುಬಿನ ಹಾಗೆ ಊದಿತ್ತು. ಹಳೆ ಬಾಡಿ ಬಿದ್ದ ಪೆಟ್ಟಿಗೆ ಇನ್ನಷ್ಟು ಚಪ್ಪಟೆಯಾಯಿತು. ಅದಕ್ಕೇನೂ ಬೇಜಾರಿಲ್ಲ.

ಏಪ್ರಿಲ್ ಎರಡನೇ ವಾರ

ಬರೀ ಚಾಸಿ ಈಗ ಅಡಿಕೆ ಅಂಗಳದಲ್ಲಿದೆ. ಎರಡು ಉದ್ದದ ಚಾನಲ್ಲು, ನಡುವೆ ಅಡ್ಡ ಮೆಂಬರುಗಳು, ಏಣಿ ಮಲಗಿಸಿದ ಹಾಗೆ. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತ ಹೋದೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಎಡಗಡೆ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಬಂದಾಗ ಮಡಿಕೆ ಬಡಿದ ಹಾಗೆ ದಬ್ ಅಂದಿತು. ಕೆರೆದು ನೋಡಿದರೆ ಒಳಗೆ ಕೆಸರು ಗಟ್ಟಿಯಾಗಿ ಕೂತಿದೆ, ಅದರ ಹಿಂದೆ ಎರಡು ಇಂಚಿನ ಬಿರುಕು.

ಚಾಸಿ ಸೊಟ್ಟ ಆಗಿದೆಯಾ ಅಂತ ನೋಡಲು ದೊಡ್ಡ ಮೆಷಿನ್ ಏನೂ ಬೇಡ. ಗಾರೆ ಕೆಲಸದವರ ತೂಗುಗುಂಡು ಸಾಕು. ಚಾಸಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟಕ್ಕೆ ನಿಲ್ಲಿಸಿ, ನಾಲ್ಕು ಸ್ಪ್ರಿಂಗ್ ಹ್ಯಾಂಗರ್‌ನ ಪಿನ್ ತೂತಿನಿಂದ ಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟೆ. ಚಾಸಿ ಪಕ್ಕಕ್ಕೆ ಸರಿಸಿ ಆ ಚುಕ್ಕಿಗಳ ನಡುವೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆ. ಎರಡೂ ಅಳತೆ ಒಂದೇ ಬರಬೇಕು. ನನಗೆ 11 ಮಿಲಿಮೀಟರ್ ವ್ಯತ್ಯಾಸ ಬಂತು. ಮತ್ತೆ ಅಳೆದೆ. ಮತ್ತೆ 11. ನೋಡಿದರೆ ಎಡಗಡೆ ಮುಂದಿನ ಕೊಂಬು, ಅಂದರೆ ಚಾನಲ್ಲಿನ ಮುಂದೆ ಚಾಚಿದ ತುದಿ, ಒಳಕ್ಕೆ ಬಗ್ಗಿದೆ.

'ಅಪ್ಪಯ್ಯ, ಯಾವಾಗಲಾದರೂ ದಾರಿ ಪಕ್ಕದ ಮಣ್ಣಿನ ಧರೆಗೆ ಗುದ್ದಿದ್ರಾ?'

'ನಾನು ಗುದ್ದಿಲ್ಲ. ಆ ವರ್ಷದ ಮಳೆಗೆ ಧರೆಯೇ ಬಂದು ಗುದ್ದಿದ್ದು.'

ಇದಕ್ಕೆ ಏನು ಹೇಳೋದು. ಎರಡು ಕೊಂಬಿನ ಮಧ್ಯೆ ಹೈಡ್ರಾಲಿಕ್ ಜಾಕ್ ಅಡ್ಡ ಇಟ್ಟು ಒತ್ತಿದೆ. ಒತ್ತಿದಾಗ ಸರಿಹೋಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿ ಬಿಡಬೇಕು. ಸಂಜೆ ಹೊತ್ತಿಗೆ ವ್ಯತ್ಯಾಸ 3 ಮಿಲಿಮೀಟರಿಗೆ ಬಂತು. ಅಲ್ಲಿಗೆ ಕೈ ಬಿಟ್ಟೆ.

ಬಿರುಕಿನ ಕೆಲಸ ನಾನು ಮಾಡಲಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಲಾರಿ ಚಾಸಿ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬ ಮೇಸ್ತ್ರಿ ಈಗ ನಮ್ಮ ಕಡೆ ಇದ್ದಾರೆ, ಅವರನ್ನು ಕರೆದೆ. ಅವರು ಮೊದಲು ವೆಲ್ಡಿಂಗ್ ಮೆಷಿನ್ ಮುಟ್ಟಲಿಲ್ಲ, ಡ್ರಿಲ್ ತಗೊಂಡರು. ಬಿರುಕು ನಿಂತ ತುದಿಯಲ್ಲಿ ಸಣ್ಣ ತೂತು ಹಾಕಿದರು. 'ಇಲ್ಲದಿದ್ರೆ ಇದು ವೆಲ್ಡಿಂಗ್ ಕೆಳಗೇ ಓಡ್ತಾ ಇರುತ್ತೆ ಗೌಡ್ರೇ' ಅಂದರು. ಆಮೇಲೆ ಬಿರುಕನ್ನು ಗ್ರೈಂಡರ್‌ನಲ್ಲಿ ಸೀಳಿ, ತುಂಬಿ, ಒಳಗಿಂದ ಒಂದು ದಪ್ಪ ಪಟ್ಟಿ ಕೂರಿಸಿದರು. ನಾನು ಚೌಕಾಕಾರದ ಪಟ್ಟಿ ಕತ್ತರಿಸಿ ಇಟ್ಟಿದ್ದೆ. ಅದನ್ನು ನೋಡಿ ನಕ್ಕು, ಎರಡೂ ತುದಿ ಚೂಪು ಮಾಡಿ ಬರ್ಫಿ ಕತ್ತರಿಸಿದ ಹಾಗೆ ಮಾಡಿದರು. ಪಟ್ಟಿಯ ಕೊನೆ ನೇರ ಇದ್ದರೆ ಚಾಸಿ ತಿರುಚಿದಾಗ ಭಾರವೆಲ್ಲ ಆ ಒಂದು ಗೆರೆ ಮೇಲೆ ಬಿದ್ದು ಅಲ್ಲೇ ಹೊಸ ಬಿರುಕು ಬರುತ್ತದಂತೆ. ಹೌದಲ್ಲ ಅನ್ನಿಸಿತು.

ತುಕ್ಕಿಗೆ ರೆಡ್ ಆಕ್ಸೈಡ್, ಮೇಲೆ ಕಪ್ಪು ಬಣ್ಣ, ಚಾನಲ್ ಒಳಗೆ ಸುಟ್ಟ ಆಯಿಲ್. ಅಪ್ಪಯ್ಯ ಗೇರೆಣ್ಣೆ ಬಳಿ ಅಂದರು. ಒಂದು ಅಡ್ಡ ಮೆಂಬರಿಗೆ ಬಳಿದೆ, ಕೈಗೆ ತಾಗಿ ಬೊಕ್ಕೆ ಎದ್ದವು. ಅಲ್ಲಿಗೆ ಗೇರೆಣ್ಣೆ ಪ್ರಯೋಗ ಮುಗಿಯಿತು.

ಏಪ್ರಿಲ್ ಕೊನೆ

ಈಗ ಅಸಲು ಸಮಸ್ಯೆ. ಎಂಎಂ 540ರಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 91 ಇಂಚು. ಸಿಜೆ 3ಬಿಯಲ್ಲಿ 80. ಬಾಡಿ ಹಾಗೇ ಇಟ್ಟರೆ ಹಿಂದಿನ ಚಕ್ರ ಮಡ್‌ಗಾರ್ಡ್ ಒಳಗಲ್ಲ, ಅದರ ಹಿಂದೆ ಬಂದು ನಿಲ್ಲುತ್ತದೆ. ಮಕ್ಕಳು ಬಿಡಿಸಿದ ಚಿತ್ರದ ಹಾಗೆ.

ಚಾಸಿ ಮೊಟಕು ಮಾಡು ಅಂದರು ಕೆಲವರು. ಮಾಡುವುದಿಲ್ಲ. ಒಂದು, ಅದು ಆರ್‌ಸಿಯ ಚಾಸಿ. ಎರಡು, ಜಂಬಿಟ್ಟಿಗೆ ಏರಿನಲ್ಲಿ ಹಿಂದೆ ಭಾರ ಹೇರಿಕೊಂಡು ಹೋಗುವಾಗ ಉದ್ದ ಗಾಡಿಯೇ ಒಳ್ಳೆಯದು. ಗಿಡ್ಡ ಗಾಡಿ ಮುಂದೆ ಎದ್ದುಬಿಡುತ್ತದೆ. ಹಾಗಾದರೆ ಬಾಡಿಯನ್ನೇ ಹಿಗ್ಗಿಸಬೇಕು. ಎಲ್ಲಿ ಅನ್ನುವುದು ಪ್ರಶ್ನೆ.

ಬಾಡಿಯನ್ನು ಚಾಸಿ ಮೇಲೆ ಸುಮ್ನೆ ಕೂರಿಸಿ ಹಿಂದೆ ಮುಂದೆ ತಳ್ಳಿ ನೋಡಿದೆವು. ಗೇರ್ ಲಿವರ್ ಫ್ಲೋರಿನ ತೂತಿನಲ್ಲಿ ಸರಿಯಾಗಿ ಏಳಬೇಕು, ಸ್ಟೇರಿಂಗ್ ಕೋಲು ಡ್ರೈವರ್ ಎದೆಗೆ ಸರಿಯಾಗಿ ಬರಬೇಕು. ಇವೆರಡನ್ನೂ ಹೊಂದಿಸಿದರೆ ಬಾಡಿಯ ಜಾಗ ತಾನಾಗಿ ಗೊತ್ತಾಗುತ್ತದೆ. ನನ್ನ ಗಾಡಿಯಲ್ಲಿ ಮುಂದೆ ಗ್ರಿಲ್ ಹತ್ತಿರ 3 ಇಂಚು ಕಡಿಮೆ ಬಂತು, ಹಿಂದೆ 8 ಇಂಚು. ಬಾನೆಟ್ಟಿನ ಎತ್ತರ ಮಾತ್ರ ಸಮಸ್ಯೆಯೇ ಅಲ್ಲ. 1953ರಲ್ಲಿ ವಿಲ್ಲಿಸ್‌ನವರು ಈ ಮಾದರಿ ತಂದಾಗ ಹೊಸ ಎಂಜಿನ್ ಎತ್ತರ ಇತ್ತು ಅಂತ ಬಾನೆಟ್ಟನ್ನೇ ಎತ್ತರಿಸಿದ್ದರು. ನಮ್ಮ ಡೀಸೆಲ್ ಎಂಜಿನ್ ಅದರೊಳಗೆ ಆರಾಮಾಗಿ ಕೂತಿತು.

ಹಿಂದಿನ 8 ಇಂಚನ್ನು ಡ್ರೈವರ್ ಸೀಟಿನ ಹಿಂದೆ, ಚಕ್ರದ ಕಮಾನು ಶುರುವಾಗುವ ಮುಂಚೆ ಸೇರಿಸಿದೆ. ಅಂದರೆ ಬಾಡಿಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿದೆ. ಕತ್ತರಿಸಿದ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಪಕ್ಕವನ್ನು ಒಂದೇ ಉಸಿರಿಗೆ ಮೇಲಿನಿಂದ ಕೆಳಗೆ ವೆಲ್ಡ್ ಮಾಡಿದೆ. ಕಾದ ತಗಡು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಟಿತು. ಅದನ್ನು ಹಾಗೇ ಬಿಟ್ಟೆ. ಎರಡನೇ ಪಕ್ಕಕ್ಕೆ ಮೇಲೊಂದು ಚುಕ್ಕಿ, ಕೆಳಗೊಂದು ಚುಕ್ಕಿ, ನಡುವೆ ಒಂದು. ಪ್ರತಿ ಚುಕ್ಕಿಗೂ ಒದ್ದೆ ಬಟ್ಟೆ. ಕೈ ಇಟ್ಟರೆ ಬಿಸಿ ತಾಗದಷ್ಟು ಆರಿದ ಮೇಲೆ ಮುಂದಿನದು. ಇದಕ್ಕೆ ಒಂದು ಇಡೀ ದಿನ ಹೋಯಿತು, ಆದರೆ ನೆಟ್ಟಗೆ ಬಂತು. ಈಗ ಗಾಡಿಯ ಎಡಗಡೆ ನೋಡಿದರೆ ನಾನು ಕಲಿಯುವ ಮುಂಚೆ, ಬಲಗಡೆ ನೋಡಿದರೆ ಕಲಿತ ಮೇಲೆ.

ಮೇ ಎರಡನೇ ವಾರ

ನನ್ನ ಗಾಡಿಯ ಮುಂದಿನ ಆಕ್ಸಲ್‌ನಲ್ಲಿ ಕಿಂಗ್ ಪಿನ್ ಬೇರಿಂಗು ಹೋಗಿ ಚಕ್ರ ಅಲ್ಲಾಡುತ್ತಿತ್ತು. ಗುಜರಿ ಜೀಪಿನ ಆಕ್ಸಲ್ ಚೆನ್ನಾಗಿದೆಯಲ್ಲ, ಅದನ್ನೇ ಹಾಕಿಬಿಡೋಣ ಅಂತ ತೊಳೆದು, ಬಣ್ಣ ಬಳಿದು, ಸ್ಪ್ರಿಂಗ್ ಪ್ಲೇಟಿಗೆ ಯು-ಬೋಲ್ಟ್ ಕೂಡ ಬಿಗಿದಾಗಿತ್ತು. ಮೇಸ್ತ್ರಿ ಬಂದು ಕೇಳಿದ್ದು ಒಂದೇ ಮಾತು: 'ಕ್ರೌನ್ ಲೆಕ್ಕ ನೋಡಿದ್ರಾ?'

ನೋಡಿರಲಿಲ್ಲ. ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ ಅದು. ಮುಂದಿನ, ಹಿಂದಿನ ಆಕ್ಸಲ್ ಎರಡರಲ್ಲೂ ಒಂದೇ ಇರಬೇಕು.

ಹೌಸಿಂಗ್ ಬಿಚ್ಚದೆ ನೋಡುವ ಉಪಾಯ ಇದೆ. ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಚಕ್ರ ಎರಡನ್ನೂ ಮೇಲೆತ್ತಿ, ಒಂದು ಚಕ್ರ ಅಲ್ಲಾಡದ ಹಾಗೆ ಕಟ್ಟಬೇಕು. ಇನ್ನೊಂದು ಚಕ್ರಕ್ಕೂ, ಪ್ರೊಪೆಲ್ಲರ್ ಕೂರುವ ಫ್ಲಾಂಜಿಗೂ ಸುಣ್ಣದ ಗೆರೆ. ಒಂದು ಚಕ್ರ ಕಟ್ಟಿದಾಗ ಇನ್ನೊಂದು ಡಬಲ್ ತಿರುಗುತ್ತದೆ. ಹಾಗಾಗಿ ಆ ಚಕ್ರ ಎರಡು ಸುತ್ತು ಬಂದಾಗ ಫ್ಲಾಂಜ್ ಎಷ್ಟು ಸುತ್ತು ಬಂತೋ ಅದೇ ಲೆಕ್ಕ. ಅಕ್ಕನ ಮಗ ಫ್ಲಾಂಜ್ ಎದುರು ಕೂತು ಎಣಿಸಿದ. ಹಿಂದಿನದು ಐದು ಸುತ್ತಿಗೆ ಒಂಚೂರು ಕಡಿಮೆ. ಮುಂದಿನದು ಐದು ದಾಟಿ ಮತ್ತೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಮೇಲೆ.

'ಮಾಮ, ಸರಿಯಾಗಿ ಎಣಿಸಿದ್ದೀನಿ' ಅಂದ, ನನ್ನ ಮುಖ ನೋಡಿ.

ಅವನು ಸರಿಯಾಗೇ ಎಣಿಸಿದ್ದ. ಒಂದು 4.88, ಇನ್ನೊಂದು 5.38. ಕ್ರೌನ್‌ನ 39 ಹಲ್ಲಿಗೆ ಪಿನಿಯನ್‌ನ 8, ಇನ್ನೊಂದರಲ್ಲಿ 43ಕ್ಕೆ 8. ಫೋರ್ ವೀಲ್ ಹಾಕಿದರೆ ಹಿಂದಿನ ಚಕ್ರ 11 ಸುತ್ತು ಹೋಗುವಷ್ಟರಲ್ಲಿ ಮುಂದಿನದು 10 ಸುತ್ತು. ಕೆಸರಲ್ಲಿ ಚಕ್ರ ಜಾರಿ ಹೇಗೋ ಸುಧಾರಿಸುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗ ಇಲ್ಲ, ಒಂದಕ್ಕೊಂದು ಜಗ್ಗಾಡಿ ಶಾಫ್ಟೋ, ಜಾಯಿಂಟೋ, ಗೇರ್ ಹಲ್ಲೋ ಹೋಗುತ್ತದೆ.

ಬಣ್ಣ ಬಳಿದ ಆಕ್ಸಲ್ ವಾಪಸ್ ಕಳಚಿದೆ. ಹಳೆಯದಕ್ಕೇ ಹೊಸ ಕಿಂಗ್ ಪಿನ್ ಬೇರಿಂಗು, ಸೀಲು ಹಾಕಿದೆ. ಎರಡು ವಾರ ಹೋಯಿತು. ಇದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಜೂನ್ ಮೊದಲ ವಾರ

ರೋಹಿಣಿ ಮಳೆ ಹೆಸರಿಗೆ ಬಂದು ಹೋಯಿತು. ಮೃಗಶಿರ ಹಿಡಿಯುವ ಮುಂಚೆ ಬಾಡಿ ಕೂರಿಸಬೇಕು ಅಂತ ಹಟ. ಚಾಸಿಗೂ ಬಾಡಿಗೂ ನಡುವೆ ರಬ್ಬರ್ ಬೇಕು. ಹಳ್ಳದಲ್ಲಿ ಒಂದು ಚಕ್ರ ಇಳಿದಾಗ ಚಾಸಿ ತಿರುಚುತ್ತದೆ. ಬಾಡಿಯನ್ನು ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಅದೂ ಜೊತೆಗೇ ತಿರುಚಿ, ನಾನು ಕಷ್ಟಪಟ್ಟು ಮಾಡಿದ ವೆಲ್ಡಿಂಗು ಮೊದಲು ಬಿಡುತ್ತದೆ. ಕ್ರಷರ್‌ನ ಹಳೆ ಕನ್ವೇಯರ್ ಬೆಲ್ಟ್ ತಂದು ಅಂಗೈ ಅಗಲ ಕತ್ತರಿಸಿ, ಎರಡೆರಡು ಪದರ ಇಟ್ಟೆ.

ಬಾಡಿ ಬಿಗಿಯುವ ಎಂಟು ತೂತಿನಲ್ಲಿ ಮೂರು ಮಾತ್ರ ಹೊಂದಿದವು. ಉಳಿದ ಐದಕ್ಕೆ ಚಾಸಿಯ ಪಕ್ಕದಲ್ಲಿ ಹೊಸ ಬ್ರಾಕೆಟ್ ಕಟ್ಟಬೇಕಾಯಿತು. ಎರಡು ಬಾಕಿ ಇವೆ. ಆರು ಬೋಲ್ಟಿನ ಮೇಲೆ ನಿಂತಿದೆ.

ಈ ಸಲ ಎತ್ತುವ ಮುಂಚೆ ಭಾವ ಬಾಡಿಯ ಮೂಲೆ ಮೂಲೆಗೂ ಟಾರ್ಚ್ ಬಿಟ್ಟು ನೋಡಿದರು.

ಜೂನ್ ಕೊನೆ

ಆರಿದ್ರಾ ಮಳೆ. ಮೂರು ದಿನದಿಂದ ಕರೆಂಟಿಲ್ಲ, ವೆಲ್ಡಿಂಗ್ ಇಲ್ಲ. ಆದರೂ ಒಂದು ಸಲ ಓಡಿಸಲೇಬೇಕು ಅನ್ನಿಸಿತು. ಲೋ ರೇಂಜ್, ಫಸ್ಟ್ ಗೇರ್. ಶೆಡ್‌ನಿಂದ ಅಂಗಳ, ಅಂಗಳದಿಂದ ಮೊದಲ ಹಳ್ಳದವರೆಗೆ. ಬ್ರೇಕ್ ಇದೆ, ಲೈಟಿಲ್ಲ, ವೈಪರ್ ಇಲ್ಲ, ಟಾಪ್ ಅಂತೂ ಇಲ್ಲವೇ ಇಲ್ಲ. ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಓಡಿಸಿದೆ. ಹಳ್ಳದ ಅಂಚಿನಲ್ಲಿ ಒಂದು ಚಕ್ರ ಇಳಿಸಿ ನಿಲ್ಲಿಸಿ ಇಳಿದು ನೋಡಿದೆ. ಚಾಸಿ ಬಾಗಿದೆ, ಒಂದು ಕಡೆ ಬೆಲ್ಟು ಒತ್ತಿಕೊಂಡಿದೆ, ಇನ್ನೊಂದು ಕಡೆ ಸಡಿಲ. ಎಡಗಡೆಯ ಹಪ್ಪಳ ವೆಲ್ಡಿಂಗ್ ಬಿಟ್ಟಿಲ್ಲ. ವಾಪಸ್ ಬಂದು ಖುಷಿಯಲ್ಲಿ ಅಂಗಳದಲ್ಲೇ ನಿಲ್ಲಿಸಿ, ಉಂಬಳ ಕಿತ್ತುಕೊಂಡು ಒಳಗೆ ಹೋದೆ.

ಬೆಳಿಗ್ಗೆ ಅಪ್ಪಯ್ಯ ಕರೆದರು. 'ನಿನ್ನ ಜೀಪಲ್ಲಿ ದನಕ್ಕೆ ನೀರು ಕುಡಿಸಬಹುದು, ಬಾ ನೋಡು.'

ತುಕ್ಕು ಹಿಡಿದ ಫ್ಲೋರ್ ಬದಲಾಯಿಸುವಾಗ ಹಳೆಯ ತಗಡಿನಲ್ಲಿದ್ದ ನೀರು ಹೋಗುವ ತೂತುಗಳನ್ನು ತುಕ್ಕಿನ ತೂತು ಅಂದುಕೊಂಡು ಹೊಸದರಲ್ಲಿ ಹಾಕಿರಲೇ ಇಲ್ಲ. ಪಕ್ಕದಲ್ಲಿ ಕಾಲಿಟ್ಟು ಹತ್ತುವ ಅಂಚಿನವರೆಗೆ ಕೆಂಪು ನೀರು ನಿಂತಿತ್ತು. ಗೇರ್ ಲಿವರ್ ಸುತ್ತ ರಬ್ಬರ್ ಕೂಡ ಅಷ್ಟು ಚೆನ್ನಾಗಿ ಕೂರಿಸಿದ್ದೆ, ಒಂದು ಹನಿ ಸೋರಿಲ್ಲ. ಕ್ಲಚ್ ಪೆಡಲ್ ಮೇಲೆ ಒಂದು ಕಪ್ಪೆ ಕೂತಿತ್ತು.

ಕರೆಂಟ್ ಇಲ್ಲದ್ದರಿಂದ ಡ್ರಿಲ್ ಓಡಲಿಲ್ಲ. ಗಾಡಿ ಕೆಳಗೆ ಮಲಗಿ ಚಾಣ, ಸುತ್ತಿಗೆಯಲ್ಲಿ ಬಡಿದೆ. ಮೂರನೇ ಪೆಟ್ಟಿಗೆ ತಗಡು ತೂತಾಯಿತು, ನೀರು ನೇರ ಮುಖದ ಮೇಲೆ.

ಇನ್ನು ಬಾಕಿ: ಎರಡು ಬ್ರಾಕೆಟ್, ವೈರಿಂಗ್, ಟಾಪು, ಮತ್ತೆ ಮೂರು ತೂತು.