ಕೆಲಸ ಇಲ್ಲಿ, ಕಾರ್ಡ್ ಅಲ್ಲಿ

2020 ಮೇ 15, ಶುಕ್ರವಾರ
ಮಂಜೇಶ್ವರ

ನಿನ್ನೆ ಸಂಜೆ ಟಿವಿ ಮುಂದೆ ಕೂತು ನಿರ್ಮಲಾ ಸೀತಾರಾಮನ್ ಹೇಳಿದ್ದನ್ನೆಲ್ಲ ಕೇಳಿದೆ. ರೇಷನ್ ಕಾರ್ಡ್ ಇಲ್ಲದ ವಲಸೆ ಕಾರ್ಮಿಕರಿಗೂ ಎರಡು ತಿಂಗಳು ತಲಾ 5 ಕಿಲೋ ಅಕ್ಕಿ ಅಥವಾ ಗೋಧಿ, ಕುಟುಂಬಕ್ಕೆ 1 ಕಿಲೋ ಕಡಲೆ. ಒಟ್ಟು 8 ಕೋಟಿ ಜನ, 3,500 ಕೋಟಿ ರೂಪಾಯಿ. ಒಳ್ಳೆಯದೇ ಆಯಿತು. ಆದರೆ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಕಾರ್ಡ್ ಇಲ್ಲದವರ ನೆನಪಾಗುವುದಕ್ಕೆ ಏಳು ವಾರ ಬೇಕಾಯಿತು. ಇವರ ಕೈಗೆ ನಾಲ್ಕು ಕಾಸು ಕೊಡುವ ಮಾತಂತೂ ಬರಲೇ ಇಲ್ಲ.

ಅನ್ನದ ಮಟ್ಟಿಗೆ ಕೇರಳ ಕೈಬಿಟ್ಟಿಲ್ಲ. ನಮ್ಮ ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘದವರೇ ಪಂಚಾಯತಿನ ಸಮುದಾಯ ಅಡುಗೆಮನೆ ನಡೆಸುತ್ತಿದ್ದೇವೆ, ಯಾರನ್ನೂ ಹಸಿದು ಮಲಗಲು ಬಿಟ್ಟಿಲ್ಲ. ಆದರೆ ಫೋನಿಗೆ ರೀಚಾರ್ಜ್, ಊರಿನ ಅಮ್ಮನ ಔಷಧಿ, ಕೋಣೆಯ ಬಾಡಿಗೆ ಇವೆಲ್ಲ ಅನ್ನದ ಪೊಟ್ಟಣದಲ್ಲಿ ಬರುವುದಿಲ್ಲ.

ಇವತ್ತು ಮಧ್ಯಾಹ್ನ ಊಟ ಕೊಡಲು ಲೈನ್ ಕೋಣೆಗಳ ಹತ್ತಿರ ಹೋದಾಗ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಬಿಹಾರದ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಬಿಸಿಲಿಗೆ ಮುಖ ಮಾಡಿ ನಿಂತಿದ್ದ. ಹೊರರಾಜ್ಯಗಳಲ್ಲಿ ಸಿಕ್ಕಿಬಿದ್ದವರಿಗೆ ಬಿಹಾರ ಸರ್ಕಾರ 1,000 ರೂಪಾಯಿ ಕೊಡುತ್ತಿದೆ. ಆ್ಯಪಿನಲ್ಲಿ ಸೆಲ್ಫಿ ಹಾಕಬೇಕು, ಅದು ಆಧಾರಿನ ಫೋಟೋಕ್ಕೆ ಹೊಂದಬೇಕು. ಆಧಾರಿನಲ್ಲಿರುವುದು ಮೀಸೆ ಮೂಡದ ಮಗುವಿನ ಮುಖ. ಈಗ ಕೆನ್ನೆ ಒಳಗೆ ಹೋಗಿದೆ, ಕ್ಷೌರದಂಗಡಿ ಮುಚ್ಚಿ ಗಡ್ಡ ಎದೆಗಿಳಿದಿದೆ. ಅಷ್ಟೇ ಅಲ್ಲ, ಖಾತೆ ಬಿಹಾರದೊಳಗಿನ ಶಾಖೆಯದ್ದೇ ಆಗಬೇಕು. ಅವನ ಖಾತೆ ಇರುವುದು ಕಾಸರಗೋಡಿನಲ್ಲಿ, ಕೂಲಿ ಜಮೆಯಾಗಲಿ ಎಂದು ಮಾಡಿಸಿದ್ದು. ಇಲ್ಲಿಗೆ ಬಂದು ನಿಯತ್ತಿನಿಂದ ದುಡಿದು ಬ್ಯಾಂಕಿಗೆ ಹಾಕಿದ್ದೇ ಅವನಿಗೆ ಅಡ್ಡ ಬಂತು.

ಪಕ್ಕದ ಕೋಣೆಯಲ್ಲಿ ಬಾದಾಮಿ ಕಡೆಯ ಗಾರೆ ಕೆಲಸದವರು. ಹಿರಿಯ ಮೇಸ್ತ್ರಿ ಅನ್ನ ತೆಗೆದುಕೊಳ್ಳುತ್ತಾ, "ನಮ್ಮ ಸರ್ಕಾರ ಕಟ್ಟಡದವರಿಗೆ ರೊಕ್ಕ ಹಾಕೇತಂತ್ರಿ ಅಕ್ಕಾರ, ನಮಗ ಬರತೈತೇನ್ರಿ?" ಎಂದು ಕೇಳಿದರು. ಕರ್ನಾಟಕದಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಈಗ ಮೇ 6ರಂದು ಇನ್ನೂ 3,000 ಘೋಷಣೆಯಾಗಿದೆ. ನೋಂದಣಿಗೆ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ದಾಖಲೆ ಬೇಕು. ಇವರು ಅದರ ಎಷ್ಟೋ ಪಾಲು ಹೆಚ್ಚು ದುಡಿದಿದ್ದಾರೆ, ಆದರೆ ಗಡಿಯ ಈಚೆ. ಕಾರ್ಮಿಕರ ಕಲ್ಯಾಣಕ್ಕೆಂದು ಈಚೆ ಕಟ್ಟಿದ ಕಟ್ಟಡದ ಖರ್ಚಿನ ಮೇಲೆ ಹಾಕುವ ಶೇ. 1ರ ಸೆಸ್ ಸೇರುವುದು ಕೇರಳದ ಕಾರ್ಮಿಕ ಕಲ್ಯಾಣ ಮಂಡಳಿಗೆ. ಅಲ್ಲಿಯೂ ಇವರ ಹೆಸರಿಲ್ಲ. ಕಟ್ಟಡದವರ ಹೆಸರಿನಲ್ಲಿ ಕೂಡಿಬಿದ್ದ ದುಡ್ಡು ಎರಡು ರಾಜ್ಯಗಳಲ್ಲೂ ಇದೆ, ಕೊಡಿ ಎಂದು ಕೇಳುವ ಚೀಟಿ ಎರಡು ಕಡೆಯೂ ಇಲ್ಲ. ಊರಲ್ಲಿ ಹೆಂಡತಿಯ ಜನಧನ ಖಾತೆಗೆ ತಿಂಗಳಿಗೆ 500 ಬರುತ್ತಿದೆಯಂತೆ, ಮನೆ ಅದರಲ್ಲೇ ನಡೆಯುತ್ತಿದೆ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನಿನ ಪ್ರಕಾರ, ಕರೆತಂದ ಗುತ್ತಿಗೆದಾರ ಅರ್ಧ ತಿಂಗಳ ಕೂಲಿಯಷ್ಟು ಸ್ಥಳಾಂತರ ಭತ್ಯೆ ಕೊಡಬೇಕು, ಹೋಗಿ ಬರುವ ಖರ್ಚೂ ಅವನದ್ದೇ. ಮೇಸ್ತ್ರಿಗೆ ಇದನ್ನು ಹೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲವಂತೆ. ಗುತ್ತಿಗೆದಾರನ ಫೋನು ಏಪ್ರಿಲಿನಿಂದ ಸ್ವಿಚ್ ಆಫ್.

ಕಾರ್ಡ್ ಎಲ್ಲಿಯದು ಎಂದು ಕೇಳುವುದನ್ನು ಬಿಟ್ಟು ಮನುಷ್ಯ ಎಲ್ಲಿದ್ದಾನೆ ಎಂದು ನೋಡಿ ಕೊಡಬೇಕು. ಇದು ಆಗದ ಕೆಲಸವಲ್ಲ. ಆಧಾರಿಗೆ ಜೋಡಿಸಿದ ಖಾತೆ ಯಾವ ಬ್ಯಾಂಕಿನದ್ದಾದರೂ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ಬೆರಳಚ್ಚು ತೆಗೆದು ನಗದು ಕೊಡುತ್ತಾರೆ, ಇಲ್ಲಿನ ಎಷ್ಟೋ ಅಜ್ಜಿಯರು ಪಿಂಚಣಿ ಹಾಗೇ ತೆಗೆದಿದ್ದಾರೆ. ಊಟಕ್ಕೆಂದು ಕೋಣೆ ಕೋಣೆಗೆ ಹೋಗಿ ಬರೆದ ಪಟ್ಟಿಯೂ ನಮ್ಮಲ್ಲಿದೆ. ಅದೇ ಪಟ್ಟಿ ಹಿಡಿದು ದುಡ್ಡು ಹಾಕಬಹುದು. ಕೇಂದ್ರವೋ ರಾಜ್ಯವೋ, ಯಾರ ಲೆಕ್ಕಕ್ಕೆ ಎಂಬುದನ್ನು ಆಮೇಲೆ ಅವರವರೇ ತೀರಿಸಿಕೊಳ್ಳಲಿ.

ವಾರ್ಡ್ ಮೆಂಬರ್ ಹತ್ತಿರ ಹೀಗೆಂದೆ. ಬರೆದು ಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದಿದ್ದಾರೆ. ಕನ್ನಡದ ಅರ್ಜಿ ರಾತ್ರಿಯೇ ಮುಗಿಸುತ್ತೇನೆ, ಮಲಯಾಳಂ ಪ್ರತಿಯನ್ನು ಪಕ್ಕದ ಮನೆಯ ಟೀಚರ್ ಬರೆದು ಕೊಡುತ್ತಾರೆ. ನಾಳೆ ಊಟ ಕೊಡಲು ಹೋದಾಗ ಎಲ್ಲರ ಸಹಿ ಹಾಕಿಸಬೇಕು.