ತುಟಿಗೆ ಸೂಜಿ ಚುಚ್ಚಿಸುವ ಮೊದಲು

ಚಿಕ್ಕಮ್ಮನ ಮಗಳ ಮದುವೆ ಹತ್ತಿರ ಬಂತು. ತುಟಿಗೆ ಫಿಲ್ಲರ್, ಅಂದರೆ ತುಂಬಿಕೊಂಡಂತೆ ಕಾಣಲು ಚುಚ್ಚುವ ಜೆಲ್, ಹಾಕಿಸಿಕೊಳ್ಳಲು ಹುಬ್ಬಳ್ಳಿಯ ಒಂದು ಪಾರ್ಲರ್‌ನಲ್ಲಿ ಅಡ್ವಾನ್ಸ್ ಕೊಟ್ಟು ಬಂದಿದ್ದಳು. ನನ್ನ ಎದೆ ಧಸಕ್ಕೆಂದಿತು. ಚುಚ್ಚುವವರು ಡಾಕ್ಟರಾ ಅಂತ ಕೇಳಿದೆ. "ಕೋರ್ಸ್ ಮಾಡ್ಯಾರಂತ ಅಕ್ಕಾ" ಅಂದಳು.

ಕೋರ್ಸ್ ಸಾಲದು. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರನ್ನೇ ಹುಡುಕಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕ್ಲಿನಿಕ್‌ಗೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್ ಇದೆಯಾ ನೋಡಿ. ಸಂಕೋಚ ಬೇಡ, ಮುಖ ನಿಮ್ಮದು ಅಲ್ವಾ?

ಮುಖದ ಸುಕ್ಕು ಕಡಿಮೆ ಮಾಡಲು ಚುಚ್ಚುವ ಬೋಟಾಕ್ಸ್‌ನ ಪರಿಣಾಮ ಸಾಮಾನ್ಯವಾಗಿ 3-4 ತಿಂಗಳಲ್ಲಿ ಇಳಿಯುತ್ತದೆ. ನನಗೆ ಜಾಸ್ತಿ ಭಯ ಫಿಲ್ಲರ್‌ದೇ. ಆ ಜೆಲ್ ಅಪ್ಪಿತಪ್ಪಿ ರಕ್ತನಾಳದೊಳಗೆ ಹೋದರೆ ಅಲ್ಲಿಗೆ ರಕ್ತ ಹರಿಯುವುದು ನಿಂತು ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಹೈಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಕರಗಿಸಲು ಹೈಲುರಾನಿಡೇಸ್ ಇಂಜೆಕ್ಷನ್ ಇದೆ, ಅದು ಕ್ಲಿನಿಕ್‌ನಲ್ಲೇ ಇಟ್ಟಿದ್ದಾರಾ ಅಂತ ಕೇಳಲೇಬೇಕು. ಫಿಲ್ಲರ್ ಪ್ಯಾಕಿನ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ, ಬ್ಯಾಚ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ತಂಗಿ ಅಡ್ವಾನ್ಸ್ ಆಸೆ ಬಿಟ್ಟಳು. ನಾಳೆ ವಿದ್ಯಾನಗರದ ಚರ್ಮವೈದ್ಯರ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ. ಪ್ರಶ್ನೆಗಳ ಚೀಟಿ ನನ್ನ ಪರ್ಸ್‌ನಲ್ಲಿದೆ.